ಹೆಬ್ಬೆರಳು ಹೋದವನ ಬೆಂಚು

ಕಾಲಿನ ಹೆಬ್ಬೆರಳು ಇರುವುದು ಯಾತಕ್ಕೆ? ಎಡವುವುದಕ್ಕೆ ಅನ್ನುತ್ತೀರಿ. ಕಿರುಗಾವಲಿನ ದೇವಯ್ಯನನ್ನು ಕೇಳಿ ನೋಡಿ. ನೆಲದ ಮೇಲೆ ಕೂತು, ಬಲಗಾಲಿನ ಹೆಬ್ಬೆರಳಲ್ಲಿ ಮರವನ್ನು ಅದುಮಿ ಹಿಡಿದು, ನಲವತ್ತು ವರ್ಷ ಬಾಗಿಲು, ಮಂಚ, ತೊಟ್ಟಿಲು ಮಾಡಿದ ಬಡಗಿ ಅವನು. ಸಕ್ಕರೆ ಕಾಯಿಲೆ ಬಂದು, ಗಾಯ ಕೊಳೆತು, ಮಂಡ್ಯದ ಆಸ್ಪತ್ರೆಯಲ್ಲಿ ಆ ಬೆರಳನ್ನೇ ತೆಗೆದರು. ಇನ್ನು ಮರ ಹಿಡಿಯುವವರು ಯಾರು?

ಮರ ಇಟ್ಟು ಕೆಲಸ ಮಾಡಲು ಬೆಂಚು ಮಾಡಿಕೊಳ್ಳುತ್ತೇನೆ ಎಂದು ಹೊರಟ. ಹೊರಟವನು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಬೇವು ಬಾಗುತ್ತದೆ, ಮಾವು ಮೆತ್ತಗೆ, ಹಲಸು ಗಿರಾಕಿಗಾದೀತು, ತನಗಲ್ಲ. ಬಸ್ಸು ಹತ್ತಿ ಮದ್ದೂರಿನ ಸಾಮಿಲ್ಲಿಗೆ ಹೋದ, ಹಲಗೆಗಳನ್ನೆಲ್ಲ ತಟ್ಟಿ ತಟ್ಟಿ ನೋಡಿ ಬರಿಗೈಲಿ ಬಂದ. ಮೂರನೆಯ ಸಲ ಹೋಗಿ ಒಂದು ದಪ್ಪ ಹುಣಸೆ ಹಲಗೆ ತಂದ.

“ಇದ್ಯಾವ ಕಾಲದ ಮುದಿ ಮರ ತಂದಿದ್ದೀಯ?” ಎಂದಳು ಹೆಂಡತಿ ಮೀನಾಕ್ಷಮ್ಮ.

“ಉಣ್ಸೆ ಮರ ಮುಪ್ಪಾದ್ರೆ ಉಳಿ ಮುಪ್ಪಾ? ಸುಮ್ಕಿರು.” ಹುಳಿಯೋ, ಉಳಿಯೋ, ಅವನ ಬಾಯಲ್ಲಿ ಎರಡೂ ಒಂದೇ.

ಮೊಮ್ಮಗಳು ನಿಖಿತಾ ಮೊಬೈಲಿನಲ್ಲಿ ತೋರಿಸಿದ ಹಾಗೆ ಜಾಲಿ ಮರದ ಕಾಲು ಕೊಟ್ಟು, ಮೊದಲು ಸೊಂಟದ ಎತ್ತರಕ್ಕೆ ಮಾಡಿದ. ಅರ್ಧ ಗಂಟೆ ನಿಂತರೆ ಪಾದ ಉರಿಯಿತು. ಸಿಟ್ಟು ಬಂದು ಬೆಂಚಿನ ಕಾಲುಗಳನ್ನು ಮೊಳಕಾಲ ಮಟ್ಟಕ್ಕೆ ಕೊಯ್ದು, ಅದರ ಮೇಲೆಯೇ ಕೂತ. ಮರ ಮುಂದಕ್ಕೆ ಜಾರದಂತೆ ತುದಿಗೊಂದು ಅಡ್ಡಪಟ್ಟಿ ಹೊಡೆದ. ಆದರೆ ಉಳಿ ಇಟ್ಟು ಏಟು ಹಾಕಿದರೆ ದರಿದ್ರದ್ದು ಪಕ್ಕಕ್ಕೆ ತಿರುಗುತ್ತದೆ! ತಡೆಯಲು ಗೂಟ ಬೇಕು, ಸರಿ, ಎಲ್ಲಿ? ತೂತಿನ ಮೇಲೆ ತೂತು ಕೊರೆದು ಹಲಗೆ ಜರಡಿಯಾಯಿತು. ಬೆರಳು ಎಲ್ಲಿ ಹಿಡಿಯುತ್ತಿತ್ತು ಅಂತ ಕಾಲಿಗೆ ಗೊತ್ತಿತ್ತೇ ಹೊರತು ದೇವಯ್ಯನಿಗೆ ಗೊತ್ತಿರಲಿಲ್ಲ.

ಹಿಂದಿನ ಬೀದಿಯಲ್ಲಿ ಮನೆ ಕಟ್ಟಿಸುತ್ತ, ಅದರ ಬಾಗಿಲನ್ನು ದೇವಯ್ಯನಿಗೇ ಒಪ್ಪಿಸಿದ್ದ ಗೆಳೆಯ ಲಿಂಗರಾಜು ಬಂದು ಹೇಳಿಯೇಬಿಟ್ಟ: “ನಾಳೆ ಗಂಟ ನೋಡ್ತೀನಿ ಕಣ್ಲಾ. ಆಗ್ದಿದ್ರೆ ಬುಡು, ರೆಡಿಮೇಡ್ ಬಾಗ್ಲು ತತ್ತೀನಿ.”

ದೇವಯ್ಯನಿಗೆ ಹೆದರಿಕೆಯಾಯಿತು. ಈ ಬಾಗಿಲು ಕೈಬಿಟ್ಟರೆ ಊರಲ್ಲಿ ಇನ್ಯಾರೂ ಕರೆಯುವುದಿಲ್ಲ.

ಬೆಳಗಾಗುತ್ತಲೇ ಕೂತ. ಮರ ತಿರುಗಿತು. ಮತ್ತೆ ತಿರುಗಿತು. ಉಳಿಯನ್ನು ಅಂಗಳಕ್ಕೆ ಎಸೆದ. ಸೊಪ್ಪು ಬಿಡಿಸುತ್ತಿದ್ದ ಮೀನಾಕ್ಷಮ್ಮ ಎದ್ದು ಉಳಿ ತಂದು ಅವನ ಕೈಗಿಟ್ಟಳು. ಬೆಂಚಿನ ಇನ್ನೊಂದು ತುದಿಯಲ್ಲಿ ಕೂತು, ಸೀರೆ ಎತ್ತಿಕೊಂಡು, ಮರದ ಪಕ್ಕಕ್ಕೆ ತನ್ನ ಹೆಬ್ಬೆರಳನ್ನು ಒತ್ತಿ ಹಿಡಿದಳು.

“ಒಡಿ.”

“ನಿಂಗೇನೇ ಗೊತ್ತು?”

“ನಲ್ವತ್ ವರ್ಸ ಇದ್ನೇ ನೋಡಿವ್ನಿ. ಒಡಿ ಅಂದೆ.”

ಹೊಡೆದ. ಮರ ಕದಲಲಿಲ್ಲ. ಇನ್ನೊಂದು ಏಟು ಹಾಕಿದ. ಊಹೂಂ.

“ಅಯ್ಯೋ, ಅಲ್ಲಾಡ್ಬ್ಯಾಡ ಕಣೇ! ಗೂಟದ್ ಜಾಗ ಇದೇಯ!” ಎಂದು ದೇವಯ್ಯ ಉಳಿ ಬಿಟ್ಟು, ಎಡಗೈಯಲ್ಲಿ ಅವಳ ಪಾದ ಹಿಡಿದು, ಬೆರಳ ಸುತ್ತ ಪೆನ್ಸಿಲ್ಲಿನಲ್ಲಿ ಗೆರೆ ಎಳೆಯತೊಡಗಿದ. ಅಷ್ಟರಲ್ಲಿ ಲಿಂಗರಾಜು ಬಾಗಿಲಲ್ಲಿ ನಿಂತಿದ್ದ.

“ಏನ್ಲಾ ದೇವಯ್ಯ, ಬೆಳ್ ಬೆಳಿಗ್ಗೇನೇ ಎಂಡ್ರು ಕಾಲ್ ಇಡ್ಕಂಡು ಕುಂತಿದ್ದೀಯ!”

ದೇವಯ್ಯ ತಲೆ ಎತ್ತಲಿಲ್ಲ.

“ಊಂ ಕಣ್ಲಾ, ಇಡ್ಕಂಡಿವ್ನಿ. ನಿಂಗೆ ಬಾಗ್ಲು ಬೇಕಾದ್ರೆ ಬಾಯ್ ಮುಚ್ಕಂಡು ಕುಂತ್ಕೋ.”