ಹಾಜರಿಯಲ್ಲಿ ಒಂದು ಒಡಪು

ಕೊರೊನಾ ಕಾಟ ಮುಗಿದು ಶಾಲೆಗಳು ಮತ್ತೆ ಮೊದಲಿನ ಹಾಗೆ ನಡೆಯತೊಡಗಿದ ಎರಡನೇ ವರ್ಷ. ರಾಮದುರ್ಗ ತಾಲೂಕಿನಲ್ಲಿ, ಸಾಲಹಳ್ಳಿಯಿಂದ ಸ್ವಲ್ಪ ಮುಂದಿರುವ ಒಂದು ಊರಿನ ಶಾಲೆಗೆ ನಾನು ಎಲ್‌ಕೆಜಿ ಶಿಕ್ಷಕಿಯಾಗಿ ಬಂದಿದ್ದೆ. ತವರು ಬೈಲಹೊಂಗಲ. ಅದಕ್ಕೂ ಮೊದಲು ಕಿತ್ತೂರಿನ ಒಂದು ನರ್ಸರಿಯಲ್ಲಿ ಬಹಳ ವರ್ಷ ಕೆಲಸ ಮಾಡಿ, ಅಳುವ ಮಕ್ಕಳನ್ನು ಸುಮ್ಮನಾಗಿಸುವುದರಲ್ಲಿ ಹೆಸರು ಮಾಡಿದ್ದೆ. ಇದನ್ನು ನಾನೇ ಹೇಳಿಕೊಳ್ಳುತ್ತಿದ್ದೇನೆ, ಇರಲಿ.

ಸಣ್ಣ ಮಕ್ಕಳ ತರಗತಿ ನಿಂತಿರುವುದೇ ರೂಢಿಯ ಮೇಲೆ. ತರಬೇತಿಯಲ್ಲಿ ಇದಕ್ಕೆ ರೂಟೀನ್ ಎನ್ನುತ್ತಾರೆ. ಬಂದ ಕೂಡಲೇ ಚಪ್ಪಲಿಗಳನ್ನು ಗೆರೆಯ ಮೇಲೆ ಬಿಡುವುದು, ಚೀಲ ಗೂಟಕ್ಕೆ ಹಾಕುವುದು, ದುಂಡಗೆ ಕೂತು ಹಾಜರಿ ಹೇಳುವುದು, ಕೈ ತೊಳೆಯಲು ಸಾಲಾಗಿ ಹೋಗುವುದು. ದಿನವೂ ಅದೇ ಹೊತ್ತಿಗೆ ಅದೇ ಕೆಲಸ ನಡೆದರೆ ಪುಟ್ಟ ಮಗುವಿಗೆ ಮುಂದೇನಾಗುವುದೋ ಎಂಬ ಹೆದರಿಕೆ ಇರುವುದಿಲ್ಲ. ಹೆದರಿಕೆ ಇಲ್ಲದ ಮಗು ಹಟ ಮಾಡುವುದೂ ಕಡಿಮೆ. ಮಳೆಗಾಲ ಮುಗಿಯುವುದರೊಳಗೆ ನನ್ನ ಮಕ್ಕಳೆಲ್ಲ ಈ ಹಾದಿಗೆ ಬಿದ್ದಿದ್ದರು. ಈರಪ್ಪ ಎಂಬ ಹುಡುಗ ಮಾತ್ರ ಯಾವುದಕ್ಕೂ ಸೇರಲಿಲ್ಲ.

ಗಲಾಟೆಯ ಹುಡುಗನೇನೂ ಅಲ್ಲ. ಬೆಳಿಗ್ಗೆ ಬಂದವನು ಸೀದಾ ಹೋಗಿ ನನ್ನ ಕುರ್ಚಿಯ ಮೇಲೆ ಕೂಡುತ್ತಿದ್ದ. ಎಬ್ಬಿಸಿದರೆ ಸುಮ್ಮನೆ ಎದ್ದು, ಪಾಪ ಇವಳಿಗೆ ತಿಳಿಯುವುದಿಲ್ಲ ಎನ್ನುವಂತೆ ನನ್ನ ಮುಖ ನೋಡುತ್ತಿದ್ದ. ಊಟಕ್ಕೆ ಕೂತಾಗ ಉಳಿದ ಮಕ್ಕಳು ಕೈಮುಗಿದು ಪ್ರಾರ್ಥನೆ ಹೇಳುತ್ತಿದ್ದರೆ ಇವನ ತಟ್ಟೆ ಆಗಲೇ ಅರ್ಧ ಖಾಲಿಯಾಗಿರುತ್ತಿತ್ತು. ಹಾಜರಿಯಲ್ಲಿ “ಈರಪ್ಪ” ಎಂದು ಕರೆದರೆ ಉತ್ತರವೇ ಇಲ್ಲ. ಕತ್ತೆತ್ತಿ ಬಾಗಿಲ ಮೇಲಿನ ಗೋಡೆಯನ್ನು ನೋಡುತ್ತಿದ್ದ. ಅಲ್ಲೊಂದು ಹಲ್ಲಿ ಓಡಾಡಿಕೊಂಡಿತ್ತು. ಅದನ್ನೇ ನೋಡುತ್ತಾನೆ ಎಂದುಕೊಂಡೆ. ಮಕ್ಕಳು ಅವನಿಗೆ ‘ಕಿವುಡ’ ಎಂದು ಹೆಸರಿಟ್ಟರು. ಗದರಿಸಿ ಬಿಡಿಸಿದೆ, ಆದರೆ ನನಗೂ ಒಳಗೊಳಗೆ ಅದೇ ಅನುಮಾನವಿತ್ತು.

ಕಬ್ಬಿನ ಹಂಗಾಮು ಶುರುವಾಯಿತು. ನಮ್ಮ ಶಾಲೆಯ ಎದುರಿನ ರಸ್ತೆಯಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಒಂದರ ಹಿಂದೊಂದು ಹೋಗುತ್ತವೆ. ಮಧ್ಯಾಹ್ನ ಶಾಲೆ ಬಿಟ್ಟಾಗ ಮಕ್ಕಳಿಗೆ ಉದ್ದನೆಯ ಹಗ್ಗ ಹಿಡಿಸಿ, ನಾನೇ ಮುಂದೆ ನಿಂತು ರಸ್ತೆ ದಾಟಿಸುತ್ತಿದ್ದೆ. ಒಂದು ದಿನ ಈರಪ್ಪ ಹಗ್ಗ ಬಿಟ್ಟು ತನ್ನ ಪಾಡಿಗೆ ರಸ್ತೆಗಿಳಿದ. “ಈರಪ್ಪ, ನಿಲ್ಲು” ಎಂದು ಕೂಗಿದೆ. ಹಿಂದಕ್ಕೆ ತಿರುಗಲಿಲ್ಲ. ಮತ್ತೆ ಕೂಗಿದೆ. ಟ್ರ್ಯಾಕ್ಟರಿನವನು ಬ್ರೇಕ್ ಹಾಕಿದ. ಟ್ರೇಲರಿನಿಂದ ನಾಲ್ಕಾರು ಕಬ್ಬು ಜಾರಿ ಹುಡುಗನ ಕಾಲ ಹತ್ತಿರ ಬಿದ್ದವು. ಓಡಿ ಹೋಗಿ ಎತ್ತಿಕೊಂಡೆ. ಅವನು ಅಳಲಿಲ್ಲ, ನಾನು ಅತ್ತೆ.

ಹೆಡ್‌ಮಾಸ್ತರರು ಕರೆಸಿದರು. “ಟೀಚರ್, ಮೊದಲ ಆ ಹುಡುಗನ ಕಿವಿ ತೋರಸ್ರಿ. ಕೇಳಂಗಿಲ್ಲಂದ್ರ ಅವಂಗ ತಕ್ಕ ಸಾಲಿ ಬ್ಯಾರೆ ಅದಾವ. ಕೇಳಿಸಿಯೂ ಹಿಂಗ ಮಾಡ್ತಾನಂದ್ರ ಒಂದ ವರ್ಷ ಮನ್ಯಾಗ ಇರಲಿ. ನಾಳೆ ಏನರ ಆದ್ರ ಅವರ ಅವ್ವಗ ಏನ ಹೇಳೋದು?”

ಅವರ ಮಾತಿನಲ್ಲಿ ತಪ್ಪೇನಿರಲಿಲ್ಲ. ಕೂಗಿದರೆ ನಿಲ್ಲದ ಮಗುವನ್ನು ರಸ್ತೆ ಬದಿಯ ಶಾಲೆಯಲ್ಲಿ ಹೇಗೆ ಇಟ್ಟುಕೊಳ್ಳುವುದು? ಆದರೆ ಮನೆಗೆ ಕಳಿಸಿದರೆ ಅವನು ಮತ್ತೆ ಬರುತ್ತಾನೆಂಬ ನಂಬಿಕೆ ನನಗಿರಲಿಲ್ಲ. ಹುಡುಗನ ತಾಯಿ ಸುಜಾತಾಳ ಜೊತೆ ನಾನೇ ರಾಮದುರ್ಗದ ಕಿವಿ ಡಾಕ್ಟರ ಬಳಿಗೆ ಹೋದೆ. ಅವರು ಪರೀಕ್ಷೆಯನ್ನೆಲ್ಲ ಮಾಡಿ, “ಕಿವಿ ಚಲೋ ಅದಾವರಿ, ನನಗಿಂತ ಚಲೋ ಕೇಳಸ್ತದ” ಎಂದು ನಕ್ಕರು. ಸುಜಾತಾ ನಗಲಿಲ್ಲ. ಹೊರಗೆ ಬಂದ ಮೇಲೆ ಸೆರಗು ಬಾಯಿಗೆ ಹಿಡಿದು, “ಹಂಗಾರ ನನ್ನ ಮಗಗ ತಲೀನ ಸರಿ ಇಲ್ಲೇನ್ರಿ ಅಕ್ಕಾರ?” ಎಂದಳು. ಈ ಕಡೆ ಶಿಕ್ಷಕಿಯರಿಗೆ ಅಕ್ಕಾರು ಎನ್ನುತ್ತಾರೆ. ಅವಳ ಕೈ ಹಿಡಿದು ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋದೆ.

ಬಸ್ ಸ್ಟ್ಯಾಂಡಿನಲ್ಲಿ ಹುಡುಗ ಸೋಡಾ ಅಂಗಡಿಯ ಕಡೆಗೆ ನಡೆದ. ಸುಜಾತಾ ಕೂತಲ್ಲಿಂದಲೇ, ದನಿ ಎತ್ತದೆ, “ಮಾವಾರ, ಇತ್ತಾಗ ಬರ್ರಿ” ಎಂದಳು. ಹುಡುಗ ತಟ್ಟನೆ ತಿರುಗಿ ಬಂದು ಪಕ್ಕದಲ್ಲಿ ಕೂತ.

“ಯಾರಿಗಂದ್ರಿ?” ಎಂದೆ.

“ಇವರಿಗೇರಿ,” ಎಂದು ನಾಚಿಕೊಂಡಳು. “ನಮ್ಮ ಮಾವನವರ ಹೆಸರಲ್ರಿ ಇಟ್ಟಿದ್ದು. ಹೆಂಗ ಕರೀಲಿ?”

ತೀರಿಕೊಂಡ ಹಿರಿಯರ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮ ಕಡೆ ಹಳೆಯ ಪದ್ಧತಿ. ಸೊಸೆ ಮಾವನ ಹೆಸರು ಹಿಡಿಯುವುದಿಲ್ಲ, ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಹೀಗಾಗಿ ಮಗುವಿಗೂ ಬಹುವಚನ, ಮೊದಲ ತಾಟು, ಮನೆಯ ಒಂದೇ ಕುರ್ಚಿ. ನನ್ನ ಸ್ವಂತ ತಮ್ಮನನ್ನೇ ನಮ್ಮವ್ವ ಹಾಗೆ ಕರೆಯುತ್ತಿದ್ದಳು. ಆದರೆ ಅವನನ್ನು ಓಣಿಯ ಹುಡುಗರು ಹೆಸರು ಹಿಡಿದು ಕೂಗುತ್ತಿದ್ದರು. ಈರಪ್ಪ ಹುಟ್ಟಿದ್ದು ಕೊರೊನಾಕ್ಕೆ ಸ್ವಲ್ಪ ಮೊದಲು, ಬೆಳೆದದ್ದು ಊರ ಹೊರಗಿನ ಹೊಲದ ಮನೆಯಲ್ಲಿ. ತಂದೆ “ಅಪ್ಪಾರ” ಎನ್ನುತ್ತಿದ್ದ, ತಾಯಿ “ಮಾವಾರ” ಎನ್ನುತ್ತಿದ್ದಳು. ಓಣಿಯೂ ಇರಲಿಲ್ಲ, ಹುಡುಗರೂ ಇರಲಿಲ್ಲ.

ಅಲ್ಲಿಂದ ಸೀದಾ ಅವರ ಮನೆಗೇ ಹೋದೆ. ಪಡಸಾಲೆಯಲ್ಲಿ ಹುಡುಗನ ಆಯಿ, ಎಂದರೆ ಅಜ್ಜಿ ನೀಲವ್ವ, ಮೊರದಲ್ಲಿ ಕಡಲಿ ಹಸನು ಮಾಡುತ್ತಿದ್ದರು. ಮೊಮ್ಮಗನನ್ನು ಕಂಡು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, “ಬಂದ್ರ್ಯಾ? ಕೈ ತೊಳಕೊಳ್ರಿ” ಎಂದರು. ನಾನು ಹುಡುಗನ ಮುಂದೆ ಕೂತು, “ಈರಪ್ಪ ಯಾರು?” ಎಂದು ಕೇಳಿದೆ. ಅವನು ಒಂದಿಷ್ಟೂ ಅನುಮಾನಿಸದೆ ಬೆರಳು ಮೇಲೆ ಮಾಡಿದ. ಬಾಗಿಲ ಮೇಲೆ ಹಾರ ಹಾಕಿದ ಫೋಟೋ, ರುಮಾಲು ಸುತ್ತಿದ ಹಿರಿಯರದ್ದು.

ಶಾಲೆಯಲ್ಲಿ ಅವನು ಇಷ್ಟು ದಿನ ಹುಡುಕುತ್ತಿದ್ದದ್ದು ಇದನ್ನು. ನಾನು ಈರಪ್ಪನನ್ನು ಕರೆದಾಗಲೆಲ್ಲ ಇವನು ಪಾಪ, ಫೋಟೋ ಎಲ್ಲಿದೆ ಎಂದು ನೋಡುತ್ತಿದ್ದ. ಹಲ್ಲಿಯ ಮೇಲೆ ಹಾಕಿದ್ದ ಅಪವಾದವನ್ನು ಆಗಲೇ ಹಿಂದಕ್ಕೆ ತೆಗೆದುಕೊಂಡೆ.

“ನೀನಽ ಈರಪ್ಪ” ಎಂದು ಅವನಿಗೆ ಹೇಳಿದೆ. ಒಪ್ಪಲಿಲ್ಲ. “ಅವರು ಅಲ್ಲಿ ಅದಾರ. ಮನೀಗೆ ಬಂದವರು ಈರಪ್ಪನವರು ಅಂದ್ರ ಆಯಿ ಅಲ್ಲೇ ಬೆರಳ ಮಾಡ್ತಾಳ,” ಎಂದ. ಅಷ್ಟರಲ್ಲಿ ಹೊಲದಿಂದ ಬಂದ ಅವನ ಅಪ್ಪ ಹೇಳಿ ನೋಡಿದ, ಹುಡುಗ ನಕ್ಕುಬಿಟ್ಟ. ಆಯಿ ಹೇಳದ ಹೊರತು ಆ ಹೆಸರು ಗೋಡೆಯಿಂದ ಕೆಳಗಿಳಿಯುವಂತಿರಲಿಲ್ಲ. ನೀಲವ್ವನವರಿಗೆ ರಸ್ತೆಯ ಸಂಗತಿಯನ್ನೂ ಹೆಡ್‌ಮಾಸ್ತರರ ಮಾತನ್ನೂ ಹೇಳಿ, ಒಂದು ಸಲ ಹೆಸರು ಹಿಡಿದು ಕರೆಯಿರಿ ಎಂದು ಬೇಡಿಕೊಂಡೆ.

ಅವರ ಕೈ ಮೊರದಲ್ಲೇ ನಿಂತಿತು. “ಮದಿವ್ಯಾದಾಗಿಂದ ಆ ಹೆಸರ ತುಟಿ ಮ್ಯಾಲ ತಂದಾಕಿ ಅಲ್ಲರಿ ನಾ. ಈ ವಯಸ್ಸಿನ್ಯಾಗ ಕಲೀಲೇನ್ರಿ?”

“ಒಂದ ಸಲಾನೂ ಹೇಳಿಲ್ಲೇನ್ರಿ ಆಯಿ?”

“ಒಡಪಿನ್ಯಾಗ ಹೇಳೇನಿ. ಅದು ಬ್ಯಾರೆರಿ.” ಮೊರದಿಂದ ಒಂದು ಹರಳು ಆರಿಸಿ ಎಸೆದರು. “ಈಗ ನನಗ ಯಾರ ಒಡಪ ಕೇಳ್ತಾರ?”

ಮದುವೆ, ಕುಬಸ ಎನ್ನುವ ಸೀಮಂತ, ತೊಟ್ಟಿಲ ಕಾರ್ಯಗಳಲ್ಲಿ ಆರತಿಯ ಹೊತ್ತಿಗೆ ಹೆಂಗಸರು ಗಂಡನ ಹೆಸರನ್ನು ಎರಡು ಸಾಲಿನ ಪದ್ಯದಲ್ಲಿ ಸೇರಿಸಿ ಹೇಳುವುದಕ್ಕೆ ಒಡಪು ಎನ್ನುತ್ತಾರೆ. ಆಗ ಮಾತ್ರ ಹೆಸರು ಹೇಳಲು ಅಡ್ಡಿಯಿಲ್ಲ. ಆದರೆ ಗಂಡ ಸತ್ತವಳನ್ನು ಆರತಿಗೆ ಮುಂದೆ ಕರೆಯುವುದಿಲ್ಲ, ಆರತಿಗೆ ಕರೆಯದವಳಿಗೆ ಒಡಪಿನ ಸರದಿಯೂ ಬರುವುದಿಲ್ಲ. ಗಂಡನ ಜೊತೆಗೆ ಆ ಹೆಸರೂ ಅವರ ಬಾಯಿಂದ ಹೋಗಿತ್ತು. ಎಷ್ಟೋ ಆರತಿಗಳಲ್ಲಿ ನಿಂತು ನಕ್ಕು ಬಂದವಳಾದ ನನಗೆ ಇದು ಅಂದಿನವರೆಗೆ ಹೊಳೆದೇ ಇರಲಿಲ್ಲ. ಹೊಳೆದಾಗ ಬಹಳ ಸಂಕಟವಾಯಿತು.

“ನಾ ಕೇಳತೇನಿ,” ಅಂದೆ. “ನಾಳೆ ಹಾಜರಿ ಹೊತ್ತಿಗೆ ಸಾಲಿಗೆ ಬರ್ರಿ.”

ಅವರು ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. “ಚಾ ಕುಡದು ಹೋಗ್ರಿ,” ಎಂದರು.

ಮರುದಿನ ನಾನು ಬಾಗಿಲು ತೆಗೆಯುವುದರೊಳಗೆ ಕಟ್ಟೆಯ ಮೇಲೆ ಕೂತಿದ್ದರು. ಪೆಟ್ಟಿಗೆಯಿಂದ ತೆಗೆದ ಇಳಕಲ್ ಸೀರೆ, ಮಡಿಕೆಯ ಗೆರೆಗಳು ಇನ್ನೂ ಹಾಗೇ ಇದ್ದವು. ಮಕ್ಕಳನ್ನು ದುಂಡಗೆ ಕೂರಿಸಿ ಹಾಜರಿ ಶುರುಮಾಡಿದೆ. ಈರಪ್ಪನ ಸರದಿ ಬಂದಾಗ ಹೆಸರು ಓದಲಿಲ್ಲ. “ಆಯಿ, ಒಡಪ ಹೇಳ್ರಿ,” ಎಂದೆ.

ನೀಲವ್ವ ಎದ್ದು ನಿಂತರು. ಮೊದಲ ಸಾಲು ಮದುವೆಯ ದಿನ ಹೇಳಿದ್ದೇ ಅಂತೆ; ಎರಡನೆಯದನ್ನು ರಾತ್ರಿ ಕೂತು ಹೊಸದಾಗಿ ಕಟ್ಟಿದ್ದರು.

“ಎರಿ ಹೊಲದಾಗ ಬಿಳಿ ಜ್ವಾಳ, ಬಾವ್ಯಾಗ ತಿಳಿನೀರ,
ಸಾಲಿಗೆ ಬಂದು ಸಾಲಿನ್ಯಾಗ ಕುಂತಾರ ನಮ್ಮ ಈರಪ್ಪನವರ.”

ಕೊನೆಯ ಶಬ್ದವನ್ನೂ ನಿಲ್ಲದೆ ಹೇಳಿ ಮುಗಿಸಿದರು. ಹುಡುಗ ವಾಡಿಕೆಯಂತೆ ಗೋಡೆ ನೋಡಿದ, ಆಮೇಲೆ ಆಯಿಯನ್ನು ನೋಡಿದ. ಅವರು ಹತ್ತಿರ ಬಂದು ಅವನ ತಲೆಯ ಮೇಲೆ ಕೈಯಿಟ್ಟು, “ಈರಪ್ಪ ಅಂದ್ರ ನೀನಽ,” ಎಂದರು.

“ಮತ್ತ ಫೋಟೋದಾಗಿನವರು?”

“ಅವರದಽ ಹೆಸರು. ನಿನಗ ಕೊಟ್ಟು ಹೋಗ್ಯಾರ.”

ಹುಡುಗ ವಿಚಾರ ಮಾಡಿದ. ನಾನು ಮೆಲ್ಲಗೆ “ಈರಪ್ಪ” ಎಂದೆ. “ಹಾಜರ್ ರೀ ಅಕ್ಕಾರ,” ಎಂದ. ಇಷ್ಟು ದಿನ ಕೇಳಿಸಿಕೊಂಡು ಕಲಿತಿದ್ದ ಉತ್ತರವನ್ನು ಒಂದು ಅಕ್ಷರ ತಪ್ಪಿಲ್ಲದೆ ಹೇಳಿದ. ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ಹಾಜರಿ ಪುಸ್ತಕದಲ್ಲಿ ಮುಖ ಮರೆಸಿಕೊಂಡೆ.

ಮರುದಿನದಿಂದ ಎಲ್ಲರಿಗೂ ಒಡಪು ಬೇಕಾಯಿತು. ಮನೆಮನೆಯಿಂದ ಮಕ್ಕಳು ತಮ್ಮ ಹೆಸರಿನ ಒಡಪು ಕಟ್ಟಿಸಿಕೊಂಡು ಬಂದರು. ರೊಟ್ಟಿಯೂ ಬಂತು, ಎಮ್ಮೆಯೂ ಬಂತು, ನವಿಲುತೀರ್ಥದ ಡ್ಯಾಮೂ ಬಂತು. ನಮ್ಮ ಹಾಜರಿ ಉದ್ದವಾಯಿತು, ಬೆಳಗಿನ ಅಳು ಕಡಿಮೆಯಾಯಿತು. ಶನಿವಾರ ನೀಲವ್ವ ಬಂದು ಹೊಸ ಒಡಪು ಹೇಳಿಕೊಡುತ್ತಿದ್ದರು. ಆ ದಿನ ನನ್ನ ಕುರ್ಚಿ ಅವರದು. ಅಂತೂ ತಮ್ಮ ಮನೆಯವರೇ ಕುರ್ಚಿಯಲ್ಲಿ ಕೂತದ್ದು ನೋಡಿ ಈರಪ್ಪ ಸಮಾಧಾನವಾಗಿ ಸಾಲಿನಲ್ಲಿ ಕೂಡುತ್ತಿದ್ದ.

ಕಬ್ಬಿನ ಹಂಗಾಮು ಮುಗಿಯುತ್ತ ಬಂದಿತ್ತು. ಒಂದು ಮಧ್ಯಾಹ್ನ ನೀಲವ್ವ ರಸ್ತೆಯ ಆಚೆ ಬದಿಗೆ ಮೊಮ್ಮಗನಿಗಾಗಿ ಕಾಯುತ್ತ ನಿಂತಿದ್ದರು. ಅವರನ್ನು ಕಂಡ ಹುಡುಗ ಹಗ್ಗ ಬಿಟ್ಟು ಓಡಿದ. ತಿರುವಿನಲ್ಲಿ ಟ್ರ್ಯಾಕ್ಟರ್ ಬರುತ್ತಿತ್ತು. ನಾನು ಬಾಯಿ ತೆರೆಯುವುದರೊಳಗೆ ಆಚೆಯಿಂದ ದನಿ ಕೇಳಿಸಿತು:

“ಈರಪ್ಪ, ನಿಲ್ಲ!”

ಒಡಪಿಲ್ಲ, ‘ಅವರು’ ಇಲ್ಲ, ಬರೀ ಹೆಸರು. ಹುಡುಗ ರಸ್ತೆಯ ಅಂಚಿನಲ್ಲಿ ಗಕ್ಕನೆ ನಿಂತ. ಟ್ರ್ಯಾಕ್ಟರ್ ಹಾದುಹೋಯಿತು. ಧೂಳು ಕೆಳಗಿಳಿದಾಗ ನೀಲವ್ವ ಬಾಯಿಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು. ದಾಟಿ ಹೋಗಿ ಅವರ ಕೈ ಹಿಡಿದೆ. “ಹೆಸರ ಬಾಯಾಗ ಬಂದ ಬಿಡ್ತು ನೋಡ್ರಿ,” ಎಂದರು. “ಅವರೂ ಸಿಟ್ಟಾಗಂಗಿಲ್ಲ ಬಿಡ್ರಿ.”

ಹೆಸರು ಕರೆದರೆ ಮಗು ತಿರುಗಿ ನೋಡುವುದು ತಾನಾಗಿ ಬರುವ ಗುಣ ಎಂದುಕೊಂಡು ನಾನು ಅಷ್ಟು ವರ್ಷ ಪಾಠ ಮಾಡಿದ್ದೆ. ಆದರೆ ಆ ಹೆಸರನ್ನು ಮೊದಲು ಮನೆಯಲ್ಲಿ ಯಾರಾದರೂ ಮಗುವಿನ ಕೈಗೆ ಕೊಟ್ಟಿರಬೇಕು. ನೀಲವ್ವ ತಮ್ಮ ಹತ್ತಿರ ಉಳಿದಿದ್ದ ಎಲ್ಲಕ್ಕಿಂತ ದೊಡ್ಡದನ್ನು ಕೊಟ್ಟರು, ಅದೂ ನನ್ನ ತರಗತಿಯ ನಡುವೆ ನಿಂತು. ಆ ಋಣ ನನ್ನ ಮೇಲಿದೆ. ಈಗಲೂ ಯಾವುದಾದರೂ ಮಗು ನನ್ನ ಮಾತು ಕೇಳದಿದ್ದರೆ ಅದರ ತಪ್ಪು ಹುಡುಕಲು ಹೋಗುವುದಿಲ್ಲ. ಶಾಲೆ ಬಿಟ್ಟಾಗ ಕರೆದೊಯ್ಯಲು ಬಂದವರನ್ನು ಪಕ್ಕಕ್ಕೆ ಕರೆದು ಕೇಳುತ್ತೇನೆ: “ಮನ್ಯಾಗ ಏನಂತ ಕರೀತೀರಿ?”