ನಾನು ಕೊಯ್ದ ಸ್ಟೀಲ್ ಫ್ರೇಮು

ಇದನ್ನು ಬರೆಯಬೇಕೆಂದು ಎರಡು ಸಲ ಕುಳಿತು, ಎರಡು ಸಲವೂ ಬೇರೇನೋ ಬರೆದು ಎದ್ದಿದ್ದೇನೆ. ಒಮ್ಮೆ ಅಂಗಡಿ ತೆರೆದ ಕಥೆ ಬರೆದೆ, ಇನ್ನೊಮ್ಮೆ ಬಾಡಿಗೆ ಸೈಕಲ್ಲುಗಳ ಕಥೆ. ಅವುಗಳಲ್ಲೆಲ್ಲ ನಾನು ಒಳ್ಳೆಯವನಾಗಿ ಕಾಣುತ್ತೇನೆ. ಈ ಕಥೆಯಲ್ಲಿ ಹಾಗೆ ಕಾಣುವುದಿಲ್ಲವೆಂದು ಗೊತ್ತಿದ್ದೇ ಇಷ್ಟು ವರ್ಷ ಮುಂದೂಡಿದೆ.

ಬನಶಂಕರಿಯಲ್ಲಿ ನನ್ನದೊಂದು ಸೈಕಲ್ ಅಂಗಡಿ ಇತ್ತು. ಎಪ್ಪತ್ತರ ದಶಕದ ಕೊನೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಸ್ಪ್ಯಾನರ್ ಹಿಡಿದವನು ನಾನು. ತೊಂಬತ್ತರ ದಶಕದಲ್ಲೂ ಗಂಟೆ ಲೆಕ್ಕದ ಬಾಡಿಗೆ, ಪಂಕ್ಚರು, ಹಾಲಿನವರ ಕ್ಯಾರಿಯರು, ಇಷ್ಟೇ ಕೆಲಸ. ಆಗೊಮ್ಮೆ ಬಿರುಕು ಬಿಟ್ಟ ಫ್ರೇಮೊಂದನ್ನು ಗುಜರಿಗೆ ಹಾಕಿದ್ದೆ. ಯಾರೋ ಅದಕ್ಕೆ ಪೇಂಟ್ ಬಳಿದು ಮಾರಿ, ಅದನ್ನು ಕೊಂಡ ಹಾಲಿನವರೊಬ್ಬರು ಬಿದ್ದು ಎರಡು ಹಲ್ಲು ಕಳೆದುಕೊಂಡರು. ಅಂದಿನಿಂದ ಅಂಗಡಿಯಲ್ಲಿ ಒಂದು ಪದ್ಧತಿ ಮಾಡಿಕೊಂಡೆ. ಕೆಟ್ಟುಹೋದ ಫ್ರೇಮನ್ನು ಗರಗಸದಿಂದ ಕೊಯ್ದೇ ಗುಜರಿಗೆ ಕಳಿಸುವುದು. ಈ ಪದ್ಧತಿಯ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾದ ಮೇಲೆ ಗೇರ್ ಸೈಕಲ್ಲಿನವರು ಬರತೊಡಗಿದರು. ಭಾನುವಾರ ಬೆಳಗ್ಗೆ ತುರಹಳ್ಳಿ ಕಾಡಿನ ಬಂಡೆಗಳ ಮೇಲೆ ಸೈಕಲ್ ಹತ್ತಿಸಿ ಇಳಿಸಿ, ಒಂಬತ್ತು ಗಂಟೆ ಹೊತ್ತಿಗೆ ಕೆಂಪು ಮಣ್ಣು ಮೆತ್ತಿಕೊಂಡು ನನ್ನ ಅಂಗಡಿ ಮುಂದೆ ಇಳಿಯುವರು. ಪಕ್ಕದ ಬೇಕರಿಯಿಂದ ಟೀ, ಖಾರದ ಬನ್ನು. ಆಮೇಲೆ ಮಾತೋ ಮಾತು. ಯಾವ ಹೊಸ ಸೈಕಲ್ ಬಂತು, ಅದರ ಮುಂದಿನ ಸ್ಪ್ರಿಂಗ್ ಫೋರ್ಕು ಎಷ್ಟು ಕುಗ್ಗುತ್ತದೆ, ಕೊಳವೆಗಳ ಬೆಸುಗೆ ಹೇಗಿದೆ, ಬೆಲೆ ಎಷ್ಟು. ಇಪ್ಪತ್ತೈದು ಸಾವಿರ, ಮೂವತ್ತು ಸಾವಿರ ಎಂದು ಅವರು ಸಲೀಸಾಗಿ ಹೇಳುವಾಗ, ಆ ದುಡ್ಡಿಗೆ ಒಳ್ಳೆಯ ಸೆಕೆಂಡ್ ಹ್ಯಾಂಡ್ ಸ್ಕೂಟರ್ ಬರುತ್ತಲ್ಲ ಎಂದು ನನ್ನ ಹೆಂಡತಿ ಒಳಗಿನಿಂದಲೇ ಗೊಣಗುತ್ತಿದ್ದಳು. ನನಗೋ ಆ ಮಾತುಗಳೆಂದರೆ ಹಬ್ಬ. ಇಡೀ ವಾರ ಗ್ರೀಸಿನಲ್ಲಿ ಕೈ ಇಟ್ಟವನನ್ನು ಓದಿದವರು ಸುತ್ತ ನಿಂತು ಅಭಿಪ್ರಾಯ ಕೇಳುತ್ತಿದ್ದರು. ಆ ಭಾನುವಾರಗಳ ಬಿಸಿಲು ಈಗಲೂ ಬೆನ್ನ ಮೇಲೆ ಇದ್ದಂತಿದೆ.

ಅವರಲ್ಲಿ ಜಯನಗರದ ಹಲ್ಲಿನ ಡಾಕ್ಟರೊಬ್ಬರು ಇದ್ದರು. ಅಲ್ಯೂಮಿನಿಯಂ ಫ್ರೇಮೆಂದರೆ ಅವರಿಗೆ ಪ್ರಾಣ. ಇನ್ನೊಬ್ಬರು ಧಾರವಾಡದ ಕಡೆಯವರು. ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿದ್ದು ಯಾವುದೋ ಆಫೀಸಿನಲ್ಲಿ ಲೆಕ್ಕಪತ್ರ ನೋಡುತ್ತಿದ್ದರು. ಅವರದು ಹಳೆಯ ಸ್ಟೀಲ್ ಫ್ರೇಮು. ಕೆಲಸ ಮುಗಿಸಿ ತನ್ನ ದೇಶಕ್ಕೆ ಹೊರಟ ವಿದೇಶಿಯೊಬ್ಬನಿಂದ ಕೊಂಡದ್ದು. ಸಣ್ಣ ಕೊಳವೆ, ಕಡುನೀಲಿ ಬಣ್ಣ. ಒಮ್ಮೆ ಯುಗಾದಿಗೆ ಬಸ್ಸು ಬಿಟ್ಟು, ಅದರ ಮೇಲೆಯೇ ನಾಲ್ಕು ದಿನ ತುಳಿದು ಊರು ಸೇರಿದ್ದರು. ತಾಯಿ ಆ ಸೈಕಲ್ಲಿಗೂ ಆರತಿ ಎತ್ತಿದರಂತೆ. ಅದನ್ನು ಅವರು ಗೋಡೆಗೆ ಒರಗಿಸುವಾಗಲೂ ನಡುವೆ ಬಟ್ಟೆ ಇಡುತ್ತಿದ್ದರು.

ಡಾಕ್ಟರು ಅವರನ್ನು ಕೆಣಕದ ಭಾನುವಾರವಿಲ್ಲ. ಅಂಥದ್ದೊಂದು ಭಾನುವಾರ ಹೀಗೆಂದರು.

"ನಿಮ್ದು ಸೈಕಲ್ ಅಲ್ಲ ಗುರು, ಮನೆ ಗೇಟು."

"ಗೇಟ ಆದ್ರೂ ಇವತ್ತ ನಿಮಗಿಂತ ಮೊದ್ಲ ಬಂಡೆ ಮ್ಯಾಲ ಇತ್ತಲ್ರಿ ಡಾಕ್ಟರ್ರ."

ಎಲ್ಲರೂ ನಕ್ಕರು. ಸ್ಟೀಲು ಮುರಿಯುವ ಮೊದಲು ಬಾಗುತ್ತದೆ, ಸದ್ದು ಮಾಡಿ ಹೇಳುತ್ತದೆ. ಅಲ್ಯೂಮಿನಿಯಂ ಹೇಳದೆ ಕೇಳದೆ ಕೈ ಕೊಡುತ್ತದೆ ಎಂದು ಧಾರವಾಡದವರು ವಿವರಿಸಿದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ನನ್ನ ತಲೆಯ ಮೇಲೆ ಮೂರು ಹೊಸ ಅಲ್ಯೂಮಿನಿಯಂ ಸೈಕಲ್ಲುಗಳು ಬೆಲೆಚೀಟಿಯ ಸಮೇತ ನೇತಾಡುತ್ತಿದ್ದವು. ತಿಂಗಳಾದರೂ ಒಂದೂ ಇಳಿದಿರಲಿಲ್ಲ. ನನ್ನ ಅಂಗಡಿಯ ಮುಂದೆಯೇ ನನ್ನ ಸರಕನ್ನು ಹೀಗಳೆದರಲ್ಲ ಎನ್ನಿಸಿತು. ಅದಕ್ಕಿಂತ ಹೆಚ್ಚಾಗಿ, ಜನ ನನ್ನನ್ನು ಬಿಟ್ಟು ಅವರ ಮಾತು ಕೇಳುತ್ತಿದ್ದರು.

"ಒಂದ್ಸಲ ನೋಡೋಣ ಕೊಡಿ ಸಾರ್" ಎಂದು ಅವರ ಸೈಕಲ್ಲನ್ನು ಸ್ಟ್ಯಾಂಡಿಗೆ ಏರಿಸಿದೆ. ಸೀಟು ಕಿತ್ತು, ಕಡ್ಡಿಗೆ ಬಟ್ಟೆ ಸುತ್ತಿ ಕೊಳವೆಯೊಳಗೆ ಆಡಿಸಿ ಹೊರತೆಗೆದೆ. ಬಟ್ಟೆ ತುಕ್ಕಿನಿಂದ ಕಂದಾಗಿತ್ತು. ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದೆ.

ನಮ್ಮ ಮಳೆಯಲ್ಲಿ ನೆನೆದ ಯಾವ ಸ್ಟೀಲ್ ಫ್ರೇಮಾದರೂ ಅಷ್ಟು ಪುಡಿ ಕೊಡುತ್ತದೆ. ಅದು ಹಾಲಿನ ಮೇಲಿನ ಕೆನೆಯಂತೆ. ಅದರ ಕೆಳಗೆ ಲೋಹ ಗಟ್ಟಿಯಾಗಿರುತ್ತದೆ. ನಿಜವಾಗಿ ತಿಳಿಯಬೇಕಾದರೆ ಬೆರಳಿನಿಂದ ಕೊಳವೆಯನ್ನು ತಟ್ಟಿ ಸದ್ದು ಕೇಳಬೇಕು. ನಾನು ಯಾವಾಗಲೂ ತಟ್ಟುತ್ತಿದ್ದೆ. ಅಂದು ತಟ್ಟಲಿಲ್ಲ. ಗಟ್ಟಿಯಾಗಿದ್ದೇನೆಂದು ಗಂಟೆಯ ಹಾಗೆ ಮೊಳಗಿಬಿಟ್ಟರೆ ಎಂಬ ಭಯ.

"ಒಳಗೆಲ್ಲ ತುಕ್ಕು ತಿಂದ್ಬಿಟ್ಟಿದೆ ಸಾರ್" ಎಂದೆ.

"ಖರೇನ ಅಣ್ಣಾರ?"

"ಮೂವತ್ತು ವರ್ಷ ಇದೇ ಕೆಲಸ ಮಾಡ್ತಿದ್ದೀನಿ."

ಅವರು ನೀಲಿ ಕೊಳವೆಯ ಮೇಲೆ ಒಮ್ಮೆ ಕೈಯಾಡಿಸಿದರು. "ನೀವ ಅಂದ ಮ್ಯಾಲ ಮುಗೀತ ಬಿಡ್ರಿ" ಎಂದರು.

ಮುಂದಿನ ಭಾನುವಾರ ಅವರು ನನ್ನಲ್ಲಿ ನೇತಾಡುತ್ತಿದ್ದ ಆ ಮೂರರಲ್ಲೊಂದು ಅಲ್ಯೂಮಿನಿಯಂ ಸೈಕಲ್ ಕೊಂಡರು. ಡಾಕ್ಟರು ಎಲ್ಲರಿಗೂ ಬನ್ನು ಕೊಡಿಸಿದರು. ಹಳೆಯದರ ಚಕ್ರ, ಹ್ಯಾಂಡಲ್ ಎಲ್ಲ ಬಿಚ್ಚಿ ಬರಿಯ ಫ್ರೇಮನ್ನು ಮೂಲೆಗಿಟ್ಟೆ. ಅದನ್ನು ಸದ್ದಿಲ್ಲದೆ ಉಳಿಸಿಕೊಳ್ಳೋಣ ಎಂಬ ಯೋಚನೆ ನನಗಿತ್ತು. ಆದರೆ ಅವರೇ ಅದನ್ನು ಎತ್ತಿ ತಂದು ನನ್ನ ಮುಂದೆ ಇಟ್ಟರು.

"ನಿಮ್ಮ ಪದ್ಧತಿ ಏನದ, ಹಂಗ ಮಾಡ್ರಿ. ಇದನ್ನ ಹತ್ತಿ ಇನ್ನೊಬ್ಬರು ಬೀಳೋದು ಬ್ಯಾಡ."

ಆಗಲಾದರೂ ನಿಲ್ಲಿಸಬಹುದಿತ್ತು. ಇಲ್ಲ ಸಾರ್, ತಪ್ಪಾಯ್ತು, ಇದು ಇನ್ನೂ ಇಪ್ಪತ್ತು ವರ್ಷ ಓಡುತ್ತೆ ಎನ್ನಬಹುದಿತ್ತು. ಎಂಟು ಜನ ಟೀ ಹಿಡಿದು ನೋಡುತ್ತಿದ್ದರು. ನಾನು ಗರಗಸ ತೆಗೆದುಕೊಂಡೆ.

ತುಕ್ಕು ತಿಂದ ಕೊಳವೆ ಬೇಗ ತುಂಡಾಗುತ್ತದೆ. ಇದು ಗರಗಸಕ್ಕೆ ಜಗ್ಗಲೇ ಇಲ್ಲ. ಬ್ಲೇಡು ಬದಲಾಯಿಸಬೇಕಾಯಿತು. ಬೆವರು ಒರೆಸಿಕೊಂಡು ಕೊನೆಗೂ ತುಂಡರಿಸಿದಾಗ, ಕೊಯ್ದ ಬಾಯಿ ಹೊಸ ಪಾತ್ರೆಯಂತೆ ಹೊಳೆಯಿತು. ಎಲ್ಲೆಡೆ ಒಂದೇ ಸಮ ದಪ್ಪ. ಅವರು ಆ ತುಂಡನ್ನು ಎತ್ತಿಕೊಂಡು ಒಳಗೆ ಹೆಬ್ಬೆರಳು ಹಾಕಿ ತಿರುವಿದರು. ಕಂದು ಪುಡಿ ಬೆರಳಿಗೆ ಬಂತು, ಕೊಳವೆ ಸ್ವಚ್ಛವಾಯಿತು.

"ಗಟ್ಟಿ ಇತ್ತಲ್ರಿ" ಎಂದರು, ನನಗೊಬ್ಬನಿಗೇ ಕೇಳುವಂತೆ.

"ಇಲ್ಲಿ ಗಟ್ಟಿ ಇದೆ ಸಾರ್. ಕೆಳಗಡೆ ಹೋಗಿರುತ್ತೆ." ಇಷ್ಟಾದ ಮೇಲೂ ನನ್ನ ಬಾಯಿಂದ ಬಂದದ್ದು ಅದು.

ಏನಾಯ್ತು ಗುರು, ಎಂದು ಡಾಕ್ಟರು ಅಂಗಡಿ ಮುಂದಿನ ಕಟ್ಟೆಯಿಂದಲೇ ಕೇಳಿದರು. ಧಾರವಾಡದವರು ನನ್ನ ಮುಖ ನೋಡಿದರು. ಒಂದು ಮಾತಾಡಿದ್ದರೆ ನನ್ನ ಮೂವತ್ತು ವರ್ಷದ ಹೆಸರು ಆ ಕಟ್ಟೆಯ ಮೇಲೇ ಮುಗಿಯುತ್ತಿತ್ತು.

"ಏನಿಲ್ರಿ. ಅಣ್ಣಾರು ಹೇಳಿದ್ದ ಖರೆ. ಹೋಗಿತ್ತದು" ಎಂದು ತುಂಡನ್ನು ಕೆಳಗಿಟ್ಟರು.

ಆಮೇಲೆಯೂ ಎರಡು ತಿಂಗಳು ಎಲ್ಲರೊಂದಿಗೆ ಬಂದರು. ಹೊಸ ಸೈಕಲ್ಲನ್ನು ಗೋಡೆಗೆ ಬಟ್ಟೆಯಿಲ್ಲದೆ ಒರಗಿಸುತ್ತಿದ್ದರು. ನಗುತ್ತಿದ್ದರು, ಡಾಕ್ಟರಿಗೆ ಉತ್ತರ ಕೊಡುತ್ತಿದ್ದರು. ನನ್ನನ್ನು ಮಾತ್ರ ಏನೂ ಕೇಳುತ್ತಿರಲಿಲ್ಲ. ಚೈನು ಸದ್ದು ಮಾಡಿದರೂ ತಾವೇ ಬಗ್ಗಿ ನೋಡಿಕೊಳ್ಳುವರು. ಒಂದು ಭಾನುವಾರ ಬೇರೆಯವರಿಗಿಂತ ಮೊದಲೇ ಬಂದು ಕಟ್ಟೆಯ ಮೇಲೆ ಒಬ್ಬರೇ ಕುಳಿತಿದ್ದರು. ಕಾಲು ಗಂಟೆ ನಾವಿಬ್ಬರೇ. ನಾನು ಹೊರಗೆ ಬಂದು, ಟೀ ಹೇಳ್ಲಾ ಸಾರ್ ಎಂದೆ. ಬ್ಯಾಡ್ರಿ ಎಂದರು. ನಾನು ಒಳಗೆ ಹೋಗಿ, ಮೊದಲೇ ಬಿಗಿಯಾಗಿದ್ದ ನಟ್ಟೊಂದನ್ನು ಮತ್ತೆ ಬಿಗಿ ಮಾಡುತ್ತ ನಿಂತೆ. ಅಷ್ಟರಲ್ಲಿ ಉಳಿದವರು ಬಂದರು.

ಆ ವರ್ಷವೇ ಅವರಿಗೆ ವರ್ಗವಾಯಿತೆಂದು ಡಾಕ್ಟರು ಹೇಳಿದರು. ಯಾವ ಊರಿಗೆ ಎಂದು ನಾನು ಕೇಳಲಿಲ್ಲ.

ಅಂಗಡಿ ಮುಚ್ಚುವಾಗ ಗಿರಾಕಿಗಳಿಗೆಲ್ಲ ಕೈಮುಗಿದು, ಇಷ್ಟು ವರ್ಷಗಳಲ್ಲಿ ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ ಎಂದೆ. ತಪ್ಪು ಮಾಡಿದ್ದು ಅವರ್‍ಯಾರಿಗೂ ಅಲ್ಲ. ಕ್ಷಮೆ ಕೇಳಬೇಕಾಗಿದ್ದುದು ಒಬ್ಬರನ್ನೇ: ಬಿಟಿಎಂನಲ್ಲಿ ಬಾಡಿಗೆಗಿದ್ದ, ಧಾರವಾಡದ ಕಡೆಯ, ಎಂಟು ಜನರ ಮುಂದೆ ನನ್ನ ಸುಳ್ಳನ್ನು ತಮ್ಮ ಬಾಯಿಂದಲೇ ನಿಜ ಮಾಡಿಕೊಟ್ಟ ಆ ನೀಲಿ ಸೈಕಲ್ಲಿನವರನ್ನು.