ಸಂದರ್ಶನಕ್ಕೆ ಬಂದ ಕೋಡುಬಳೆ

ಫಾರ್ಮರ್ಸ್ ಬ್ರಾಂಚ್ ಎಂಬ ಊರಿನ ಒಂದು ಆಫೀಸಿನ ಹೊರಗೆ, ತೊಡೆಯ ಮೇಲೆ ಕೋಡುಬಳೆಯ ಡಬ್ಬಿ ಇಟ್ಟುಕೊಂಡು ಕೂತಿದ್ದೆ. ಗಾಜಿನ ಗೋಡೆಯಾಚೆ ಅಕ್ಕನ ಮಗಳು ಮೇಘನಾಳ ಸಂದರ್ಶನ. ಅವಳು ಅರ್ಜಿ ಹಾಕಿದ್ದ ಫ್ರಾನ್ಸಿನ ಬಿಸಿನೆಸ್ ಸ್ಕೂಲಿನಲ್ಲಿ ಸೀಟು ಸಿಗುವುದು ಬಲು ಕಷ್ಟವಂತೆ. ಅಲ್ಲಿ ಓದಿದವರೇ ಊರೂರಲ್ಲಿ ಅಭ್ಯರ್ಥಿಗಳನ್ನು ಮಾತಾಡಿಸಿ ವರದಿ ಕಳಿಸುತ್ತಾರೆ. ಇಲ್ಲಿ ಆ ಕೆಲಸ ಒಬ್ಬ ಫ್ರೆಂಚ್ ಮಹಿಳೆಯದು.

"ದೊಡ್ಡೋರನ್ನ ನೋಡಕ್ಕೆ ಬರಿಗೈಲಿ ಹೋಗ್ತಾರೇನೋ?" ಎಂದು ಕಾಪೆಲ್‌ನ ಮನೆಯಿಂದ ಹೊರಡುವಾಗ ಅಕ್ಕ ನನ್ನ ಕೈಗೆ ಡಬ್ಬಿ ಹಿಡಿಸಿದ್ದಳು.

"ಮಾಮಾ, ಪ್ಲೀಸ್! ದಿಸ್ ಲುಕ್ಸ್ ಲೈಕ್ ಎ ಬ್ರೈಬ್," ಎಂದು ಮೇಘನಾ ದಾರಿಯುದ್ದಕ್ಕೂ ಗೋಗರೆದಿದ್ದಳು.

ಮಾತು ಮುಗಿದು ಇಬ್ಬರೂ ಹೊರಬಂದರು. ಅಕ್ಕನಿಗೆ ಹೆದರುವ ನಾನು ಡಬ್ಬಿ ಚಾಚಿಯೇಬಿಟ್ಟೆ. ಆಕೆ ಕೈ ಹಿಂದಕ್ಕೆಳೆದುಕೊಂಡು ಇಂಗ್ಲಿಷಿನಲ್ಲಿ, "ವರದಿ ಕಳಿಸೋವರೆಗೆ ನಾನು ಏನೂ ತಗೊಳ್ಳೋ ಹಾಗಿಲ್ಲ. ಕೂತಿರಿ," ಎಂದು ಒಳಹೋದರು. ಮೇಘನಾ ನನ್ನ ಮುಖ ನೋಡಲಿಲ್ಲ.

ಇಪ್ಪತ್ತು ನಿಮಿಷ ಟೈಪ್ ಮಾಡಿ, ಲ್ಯಾಪ್‌ಟಾಪ್ ಮುಚ್ಚಿ ಆಕೆ ಮತ್ತೆ ಬಂದರು. "ಕಳಿಸಾಯ್ತು. ಈಗ ಕೊಡಿ."

ಒಂದು ಕಚ್ಚಿದ್ದೇ, ಖಾರಕ್ಕೆ ಆಕೆಯ ಕಣ್ಣಲ್ಲಿ ನೀರು ಬಂತು. ಒರೆಸಿಕೊಂಡು, ಯಾರೂ ಹೇಳುವ ಮೊದಲೇ ಇನ್ನೊಂದು ಎತ್ತಿಕೊಂಡರು.

ವರದಿಯಲ್ಲಿ ಏನಿದೆಯೋ ಗೊತ್ತಿಲ್ಲ. ಮೂರನೆಯದನ್ನು ಮೇಘನಾಳೇ ತೆಗೆದುಕೊಟ್ಟಳು.